ಯಂತ್ರ ಓದದ ಸಾಲುಗಳು

ಮಾರ್ಚ್ ೧, ಬೆಳಿಗ್ಗೆ ೭

ಮತ್ತೆ ನಿದ್ದೆಯಿಲ್ಲ. ಮಗು ಲ್ಯೂಬೆನ್‌ಗೆ ಹಲ್ಲು ಬರುತ್ತಿದೆ. ಅತ್ತೆ ಅವನ ಕೈಗೆ ಮಾರ್ತೆನಿತ್ಸ, ವಸಂತದ ಮೊದಲ ದಿನ ಕಟ್ಟುವ ಕೆಂಪು-ಬಿಳಿ ದಾರ, ಕಟ್ಟಿದರು. ಕೂಡಲೇ ಬಾಯಿಗಿಟ್ಟುಕೊಂಡ. ಗಂಟಲಿಗೆ ಸಿಕ್ಕರೆ? ಬಿಚ್ಚಿ ತೊಟ್ಟಿಲಿನ ಸರಳಿಗೆ ಕಟ್ಟಿದೆ.

ಸೇತುವೆಯಲ್ಲಿ ನೀರಿನ ಮಟ್ಟ ಅಳೆಯುವ ಹೊಸ ಸೆನ್ಸರ್ ಅನ್ನು ಹಳೆಯದಕ್ಕಿಂತ ನಲವತ್ತು ಸೆಂಟಿಮೀಟರ್ ಮೇಲೆ ಕೂರಿಸಿ ಹೋಗಿದ್ದಾರೆ. ನದಿ ಅಷ್ಟು ತಗ್ಗಾಗಿ ಕಾಣುತ್ತದೆ. ಸರ್ವರ್‌ನ ಫೈಲಿನಲ್ಲಿ ಅಂಕಿ ತಿದ್ದದಿದ್ದರೆ, ಹಿಮ ಕರಗಿದಾಗ ಪ್ರವಾಹದ ಸೈರನ್ ತಡವಾಗಿ ಕೂಗುತ್ತದೆ. ದಂಡೆಯ ಮೊದಲ ಮನೆ ನಮ್ಮದೇ.

ಮಾರ್ಚ್ ೪

ಸರ್ವರ್ ತೆರೆದು ಕೂತಿದ್ದೆ, ಅತ್ತೆ ಹೆಗಲ ಹಿಂದಿನಿಂದ ಇಣುಕಿದರು. ನನಗಿಂತ ಮೊದಲು ಇಪ್ಪತ್ತು ವರ್ಷ ಈ ಸರ್ವರ್ ನೋಡಿಕೊಂಡವರು ಅವರೇ.

"ನ್ಯಾನೋನಾ? ಯಾವ ಕೀ ಒತ್ತಬೇಕು ಅಂತ ಕೆಳಗೆ ಚೀಟಿ ಅಂಟಿಸ್ಕೊಂಡಿರೋ ಎಡಿಟರ್ರು. ಪರೀಕ್ಷೇಲಿ ಕಾಪಿ ಹೊಡೆದ ಹಾಗೆ!"

"ನಿಮ್ಮ ಆ ಹಳೇ ಎಡಿಟರ್ರು ವಿ-ಐನಿಂದ ಆಚೆ ಬರೋಕಾಗದೆ ಕಂಪ್ಯೂಟರನ್ನೇ ಆಫ್ ಮಾಡಿದ್ದೆ ಅತ್ತೆ."

"ಗೊತ್ತು ಕಣೇ. ಊರಿಗೆಲ್ಲ ಹೇಳಿದೀನಿ."

ಮಾರ್ಚ್ ೮, ಮಧ್ಯಾಹ್ನ

ಹಾಳಾಯಿತು. ಮೊದಲು ಸಣ್ಣ ಕೆಲಸ ಮುಗಿಸೋಣವೆಂದು ಲಾಗಿನ್ ಫೈಲಿನಲ್ಲಿ ಜಿಲ್ಲಾ ಕಚೇರಿಯ ಹೊಸಬನ ಹೆಸರು ಸೇರಿಸಿದೆ— ಇವನಿಗೆ ಪ್ರವೇಶವಿದೆ ಎಂದು. ಸೇವ್. ಲಾಗಿನ್ ಸೇವೆಯಷ್ಟೇ ರೀಸ್ಟಾರ್ಟ್. ಮಗು ಅತ್ತಿತು. ವಿಂಡೋ ಮುಚ್ಚಿ ಓಡಿದೆ. ಮರಳಿ ಬಂದರೆ ನನಗೇ ಪ್ರವೇಶವಿಲ್ಲ! ಆ ಪಟ್ಟಿ ಖಾಲಿಯಿದ್ದರೆ ಎಲ್ಲರಿಗೂ ಪ್ರವೇಶ; ಒಬ್ಬನ ಹೆಸರು ಬರೆದರೆ ಉಳಿದವರೆಲ್ಲ ಹೊರಗೆ. ಗೊತ್ತಿತ್ತು... ಓದಿದ್ದೆ... ಹೊಸಬನಿಗೋ ನೋಡುವ ಹಕ್ಕಷ್ಟೇ, ತಿದ್ದುವ ಹಕ್ಕಿಲ್ಲ.

ಸರ್ವರ್ ಇರುವುದು ಬೆಟ್ಟದ ಮೇಲಿನ ಹಳೆಯ ಗಿರಣಿಯಲ್ಲಿ. ದಾರಿ ಹಿಮದಡಿ ಹೂತಿದೆ. ನಾಡಿದ್ದು ಬಿಸಿಗಾಳಿಯಂತೆ.

ಅದೇ ದಿನ, ಸಂಜೆ ೪

ಅತ್ತೆಗೆ ಹೇಳಿದೆ. ಬೈಯಲಿಲ್ಲ. ಫ್ರಿಜ್ ಮೇಲಿನಿಂದ ಹಳೆಯ ಲ್ಯಾಪ್‌ಟಾಪ್ ಇಳಿಸಿದರು. ಆನ್ ಇತ್ತು! ಅವರ ಲಾಗಿನ್ ತೆಗೆಯುವ ಧೈರ್ಯ ಈವರೆಗೆ ಯಾರಿಗೂ ಬಂದಿಲ್ಲ.

"ನಾಲ್ಕನೇ ತಾರೀಖಿಂದ ಸರ್ವರ್‌ಗೆ ಒಂದು ವಿಂಡೋ ತೆರೆದೇ ಇಟ್ಟಿದೀನಿ. ಆಗಲೇ ಒಳಗಿರೋರನ್ನ ಆ ಪಟ್ಟಿ ಆಚೆ ಹಾಕಲ್ಲ."

"ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?"

"ಹೆಪ್ಪಿಗೆ ಒಂದು ಚಮಚ ಉಳಿಸದೆ ಮೊಸರೆಲ್ಲ ಖಾಲಿ ಮಾಡ್ತಾರೇನೇ, ಹುಡುಗಿ?"

ಅತ್ತೆಯ ಕಣ್ಣಲ್ಲಿ ಪೊರೆ. ತೊಡೆಯ ಮೇಲೆ ಲ್ಯೂಬೆನ್. ಪರದೆ ನೋಡಲೇ ಇಲ್ಲ. ಬೆರಳುಗಳು ಎರಡು ಸಲ ಕುಣಿದವು— ಹೊಸಬನ ಹೆಸರಿನ ಸಾಲು ಮಾಯ. ಮತ್ತೆರಡು ಸಲ— ಸೇವ್. ರೀಸ್ಟಾರ್ಟ್. ಹಿಟ್ಟು ನಾದುವಾಗಲೂ ಈ ಬೆರಳುಗಳನ್ನು ನೋಡಿದ್ದೇನೆ; ಇವತ್ತೇ ಕಂಡದ್ದು.

ನನ್ನ ಹೆಸರಿನಲ್ಲೇ ಸರ್ವರ್‌ನ ಒಳಗೆ ಹೋದೆ.

ಮಾರ್ಚ್ ೯, ಬೆಳಿಗ್ಗೆ ೧೦

ಸೈರನ್ನಿನ ಫೈಲು ತೆರೆದೆ. ಇಷ್ಟು ದಿನ ಕೊನೆಯ ಅಂಕಿಯಷ್ಟೇ ನೋಡುತ್ತಿದ್ದೆ. ಮೇಲಕ್ಕೆ ಹೋದರೆ... ಮುಗಿಯುವುದೇ ಇಲ್ಲ. # ಗುರುತಿನಿಂದ ಶುರುವಾಗುವ, ಯಂತ್ರ ಓದದೆ ದಾಟಿಹೋಗುವ ಸಾಲುಗಳು. ಯಂತ್ರ ಮೂರು ಸಲ ಬದಲಾಗಿದೆ, ಸಾಲುಗಳು ಹಾಗೇ ಇವೆ.

# ೧೯೯೯ ಮಾರ್ಚ್ ೯. ಸೈರನ್ ಕೂಗುವ ಗಡಿ ಹತ್ತು ಸೆಂ.ಮೀ. ಇಳಿಸಿದೆ. ಒಗ್ನ್ಯಾನ್‌ಗೆ ಜ್ವರ, ಮೂರು ದಿನದಿಂದ ನಿದ್ದೆಯಿಲ್ಲ. ತಪ್ಪಿದ್ದರೆ ನಾಳೆ ನೋಡು.

ಒಗ್ನ್ಯಾನ್— ನನ್ನ ಗಂಡ. ಆಗ ಎರಡು ವರ್ಷ.

ಇದೇ ತಾರೀಖು, ಇದೇ ನದಿ. ಯಾರಿಗೆ ಬರೆದರು ಇದನ್ನು? ಕೇಳಿದೆ. "ಮುಂದೆ ತೆರೆಯೋಳಿಗೆ," ಎಂದು ಲ್ಯೂಬೆನ್ ಮೂಗು ಒರೆಸಿದರು.

ಅಂಕಿ ನಲವತ್ತು ಇಳಿಸಿದೆ. ಮೇಲೆ ನನ್ನದೂ ಒಂದು ಸಾಲು. ಅತ್ತೆಯ ವಿಂಡೋ ತೆರೆದೇ ಇತ್ತು.

ಮಾರ್ಚ್ ೧೦, ಮಧ್ಯಾಹ್ನ ೨

ಬೆಳಗಿನಿಂದ ಬಿಸಿಗಾಳಿ. ಸೂರು ತೊಟ್ಟಿಕ್ಕುತ್ತಿದೆ. ನೀರು ಕಂದು— ಇನ್ನೂ ಅಂಗಳದ ಗೋಡೆಯಿಂದ ಆಚೆಗೇ ಇದೆ. ನಲವತ್ತು ಸರಿಯೇ? ಮತ್ತೊಮ್ಮೆ ಅಳೆಯಬೇಕಿತ್ತೇ...

ಸೈರನ್.

ಗೋಡೆ ಇನ್ನೂ ಒಣಗಿಯೇ ಇದೆ. ಸಮಯವಿದೆ. ಅತ್ತೆ ಮಗುವನ್ನೂ ಲ್ಯಾಪ್‌ಟಾಪನ್ನೂ ಎತ್ತಿಕೊಂಡು ಬಾಗಿಲಲ್ಲಿ ನಿಂತು, "ಬರೆದಿದ್ದು ಸಾಕು ಬಾರೇ, ಬಿಲ್ಯಾನಾ—"