ಮೊದಲು ಕೈ ಎತ್ತಿದವಳು

ಅಣ್ಣಾ,

ಹೀಗೆ ಕರೆಯುವ ಹಕ್ಕು ನನಗೆ ಉಳಿದಿಲ್ಲ. ಆದರೂ ಲ್ಯಾಬಿಗೆ ಕಾಲಿಟ್ಟ ದಿನದಿಂದ ನಿಮ್ಮನ್ನು ಕರೆದದ್ದು ಹೀಗೆಯೇ. ಬೇರೆ ಮಾತಿಗೆ ನಾಲಿಗೆ ಹೊರಳುವುದಿಲ್ಲ. ಹನ್ನೊಂದು ವರ್ಷದ ಹಿಂದೆ ಆ ದಿನ ಮೊದಲು ಹೊಡೆದದ್ದು ನಾನು. ನಿಮಗೆ ಇದು ಹೊಸ ವಿಷಯವಲ್ಲ. ಬಾಯಿಬಿಟ್ಟು ಒಪ್ಪಿಕೊಳ್ಳುವುದು ನನಗೆ ಹೊಸದು.

ಕೆಲಸ ಕಲಿಸಿದವರು ನೀವು. "ನೋಡು, ಎರಡು ಕೈಯೂ ಒಂದೇ ಥರ ಕಾಣುತ್ತೆ, ಆದ್ರೆ ಎಡಗೈ ಗವಸು ಬಲಗೈಗೆ ಆಗಲ್ಲ. ಜೀವದ ಅಣುಗಳೂ ಹೀಗೇ," ಎಂದಿದ್ದಿರಿ. ಅಂಥ ಅಣುಗಳ ಮೇಲೆ ಎಡಕ್ಕೆ ಸುತ್ತುವ ಬೆಳಕನ್ನೂ ಬಲಕ್ಕೆ ಸುತ್ತುವ ಬೆಳಕನ್ನೂ ಹಾಯಿಸಿ, ಅವು ನಡುಗುತ್ತ ಎರಡನ್ನೂ ಹೀರುವುದರಲ್ಲಿರುವ ಕೂದಲೆಳೆಯ ವ್ಯತ್ಯಾಸವನ್ನು ಹಿಡಿಯುತ್ತಿದ್ದೆವು. ಪ್ರೋಟೀನನ್ನು ಎರಡೆರಡೇ ಡಿಗ್ರಿ ಬಿಸಿ ಮಾಡಿದಂತೆ ಆ ವ್ಯತ್ಯಾಸದ ಗೆರೆಯ, ಅಂದರೆ ರೋಹಿತದ, ಏರಿಳಿತಗಳು ಬದಲಾಗುತ್ತಿದ್ದವು. ಪ್ರತಿ ಏರನ್ನೂ ಉಳಿದೆಲ್ಲ ಏರುಗಳ ಎದುರಿಗಿಟ್ಟು ಕಂಪ್ಯೂಟರ್ ಎರಡು ನಕ್ಷೆ ಬಿಡಿಸುತ್ತಿತ್ತು. ಯಾವುವು ಜೊತೆಜೊತೆಗೆ ಬದಲಾದವು ಎಂದು ಒಂದು ಹೇಳಿದರೆ, ಯಾವುದು ಮೊದಲು, ಯಾವುದು ಆಮೇಲೆ ಎಂದು ಇನ್ನೊಂದು ಹೇಳುತ್ತಿತ್ತು. ಪ್ರೋಟೀನಿನ ಸುರುಳಿ ಮೊದಲು ಬಿಚ್ಚುತ್ತದೆ, ಆಮೇಲೆ ಎಳೆಗಳು ಗಂಟು ಕಟ್ಟುತ್ತವೆ ಎಂದು ನೀವು ಬರೆದಿರಿ. ನಿಮಗೆ ಹೆಸರು ಬಂತು. ಅದರ ಮೇಲೆ ನನ್ನ ಮೂರು ವರ್ಷದ ಪ್ರಬಂಧ ಕಟ್ಟಿದೆ. ಆಸ್ಪತ್ರೆಯಿಂದ ಅಮ್ಮ, "ಒಂದ್ಸಲ ಬಂದು ಹೋಗೇ," ಎಂದಾಗ ಪ್ರಯೋಗ ಅರ್ಧಕ್ಕೆ ಬಿಟ್ಟು ಬರಲಾರೆ ಎಂದೆ. ಅವಳು ಕಾಯಲಿಲ್ಲ.

ಅಮ್ಮ ಹೋದ ಮೂರನೇ ವಾರ ನಿಮ್ಮ ಹಳೆಯ ಫೈಲು ತೆರೆದೆ. ರೋಹಿತಗಳನ್ನೆಲ್ಲ ಉಲ್ಟಾ ಜೋಡಿಸಿದ್ದಿರಿ. ಬಿಸಿಯದು ಮೊದಲು, ತಣ್ಣನೆಯದು ಕೊನೆಗೆ. ಇದರಿಂದ ಮೊದಲ ನಕ್ಷೆಗೆ ಏನೂ ಆಗುವುದಿಲ್ಲ. ಎರಡನೆಯದರಲ್ಲಿ ಮಾತ್ರ ಪ್ಲಸ್ಸೆಲ್ಲ ಮೈನಸ್, ಮೈನಸ್ಸೆಲ್ಲ ಪ್ಲಸ್. ನಾವು ಮೊದಲು ಎಂದದ್ದು ಆಮೇಲೆ ನಡೆದಿತ್ತು. ಊಟ ಬಿಟ್ಟು ಲ್ಯಾಬಿಗೆ ಓಡಿ ಬಂದೆ. ನೀವು ಯಂತ್ರಕ್ಕೆ ದ್ರವ ಸಾರಜನಕ ಸುರಿಯುತ್ತಿದ್ದಿರಿ. ಜೋಡಣೆ ಉಲ್ಟಾ ಆಗಿದೆ ಎಂದೆ. ನೀವು ತಲೆ ಎತ್ತಲಿಲ್ಲ.

"ಗೊತ್ತು ಕಣೇ. ಹೋದ ವರ್ಷಾನೇ ಗೊತ್ತಾಯ್ತು."

"ಗೊತ್ತಿದ್ದೂ ಸುಮ್ನಿದ್ರಾ?"

"ಒಂದು ಚಿಹ್ನೆ ತಾನೇ? ಯಾರು ಕೆದಕಿ ನೋಡ್ತಾರೆ? ಪ್ರಬಂಧ ಮುಗಿಸ್ಕೊಂಡು ಹೋಗ್ತಾ ಇರು."

ಸ್ಟ್ಯಾಂಡಿನ ಕಬ್ಬಿಣದ ಸರಳು ಕೈಗೆ ಹೇಗೆ ಬಂತೋ ಗೊತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ತಿರುಪು ಬಿಚ್ಚಿ ತೆಗೆದೆ. ಬೇಡವೆನ್ನಲು ಅಷ್ಟು ಹೊತ್ತು ಸಾಕಿತ್ತು. ಬೀಸಿದೆ. ಕನ್ನಡಕದ ಗಾಜು ನಿಮ್ಮ ಎಡಗಣ್ಣೊಳಗೆ ಪುಡಿಯಾದಾಗ ಸಕ್ಕರೆ ಜಗಿದಷ್ಟೇ ಸದ್ದು. ನೀವು ಕಣ್ಣು ಕಾಣದೆ ತಡಕಿ ನನ್ನ ಜುಟ್ಟು ಹಿಡಿದು ಮೇಜಿನ ಅಂಚಿಗೆ ಹಣೆ ಬಡಿದಿರಿ, ಎರಡು ಸಲ. ನಾನು ಸರಳು ಬಿಡಲಿಲ್ಲವೆಂದು ಮಣಿಕಟ್ಟು ತಿರುಚಿದಿರಿ. ಮೂಳೆ ಲಟಕ್ಕೆಂದಿತು. ನಿಮ್ಮ ತೋಳಿನಲ್ಲಿ ಹಲ್ಲು ನೆಟ್ಟೆ. ಬಾಯಿ ತುಂಬ ಉಪ್ಪುಪ್ಪು ರಕ್ತ. ಚೆಲ್ಲಿದ ಸಾರಜನಕ ನಮ್ಮ ಕಾಲಡಿ ಬುಸುಗುಡುತ್ತಿತ್ತು. ಕಸ ಗುಡಿಸುವ ಅಕ್ಕ ಚೀರಿ ಕಾವಲುಗಾರನನ್ನು ಕರೆತರುವವರೆಗೂ ನಾವು ಮನುಷ್ಯರಾಗಿರಲಿಲ್ಲ.

ವಿಚಾರಣೆಯಲ್ಲಿ ನಮ್ಮ ಗೈಡ್ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: "ಯಾರಮ್ಮಾ ಮೊದಲು ಕೈ ಮಾಡಿದ್ದು?" ಪ್ಲಾಸ್ಟರ್ ಹಾಕಿದ ಕೈಯನ್ನೇ ಎತ್ತಿ ನಿಮ್ಮತ್ತ ತೋರಿಸಿದೆ. ನೀವು ಪಟ್ಟಿ ಕಟ್ಟಿದ ಮುಖ ತಿರುಗಿಸಿ, ಉಳಿದ ಕಣ್ಣಿನಿಂದ ನನ್ನನ್ನು ತುಂಬ ಹೊತ್ತು ನೋಡಿ, "ಹೌದು, ನಾನೇ," ಎಂದಿರಿ. ನಿಮ್ಮ ಕೆಲಸ ಹೋಯಿತು. ಚಿಹ್ನೆ ತಿದ್ದಿ ಪ್ರಕಟಿಸಿದ ನನಗೆ ನಿಮ್ಮ ಕುರ್ಚಿಯೇ ಸಿಕ್ಕಿತು. ಯಾಕೆ ಒಪ್ಪಿಕೊಂಡಿರೋ ಇಂದಿಗೂ ತಿಳಿಯದು. ಅಮ್ಮನ ಸುದ್ದಿ ನಿಮಗೆ ಗೊತ್ತಿತ್ತು, ಅಷ್ಟು ಬಲ್ಲೆ.

ಇಂದು ಬೆಳಿಗ್ಗೆ ಸಂಶೋಧನೆಗೆ ಸೇರಲು ಒಬ್ಬ ಹುಡುಗಿ ಸಂದರ್ಶನಕ್ಕೆ ಬಂದಳು. ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗದಲ್ಲಿ ನಿಮ್ಮ ಹೆಸರಿತ್ತು. ಅವಳೇ ತಲೆ ತಗ್ಗಿಸಿ ಹೇಳಿದಳು: "ಮೇಡಂ, ನಿಮ್ಮ ಕೈ ಮುರಿದೋರ ಮಗಳು ನಾನು. ಹೆಣ್ಣುಮಕ್ಕಳ ಮೇಲೆ ಕೈ ಮಾಡೋರ ಜೊತೆ ನನಗೇನು ಮಾತು ಅಂತ, ವಿಷಯ ಗೊತ್ತಾದಾಗಿನಿಂದ, ಆರು ವರ್ಷ ಆಯ್ತು, ಅಪ್ಪನ್ನ ಮಾತಾಡಿಸಿಲ್ಲ. ಅವರ ಪರವಾಗಿ ನಾನು ಕ್ಷಮೆ ಕೇಳ್ತೀನಿ."

ಅಣ್ಣಾ, ಆ ಕ್ಷಮೆಯನ್ನು ನುಂಗಲು ನನ್ನಿಂದಾಗಲಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳಿದೆ. ಕೇಳಿ ಮುಗಿಸಿದವಳೇ ಎದ್ದು ಬಾರಿಸಿದಳು. ನನ್ನ ತುಟಿ ಒಡೆಯಿತು. "ನಮ್ಮಪ್ಪ ಊಟಕ್ಕೆ ಕರೆದ್ರೆ ಬಾಗಿಲು ಹಾಕ್ಕೋತಿದ್ದೆ ನಾನು!" ಎಂದು ಇನ್ನೊಂದು ಕೊಟ್ಟಳು. ತಡೆಯಲಿಲ್ಲ. ಚೀಲ, ಅರ್ಜಿ ಎಲ್ಲ ಅಲ್ಲೇ ಬಿಟ್ಟು ಬಸ್ ನಿಲ್ದಾಣದ ಕಡೆ ಓಡಿದಳು.

ನಿರ್ದೇಶಕರಿಗೂ ಪೊಲೀಸರಿಗೂ ಬರೆದು ಸಹಿ ಹಾಕಿ ಕೊಟ್ಟಿದ್ದೇನೆ. ನಾಳೆ ಏನಾಗುತ್ತದೋ ಆಗಲಿ. ಕ್ಷಮಿಸಿ ಎಂದು ಕೇಳುವುದಿಲ್ಲ. ನೀವು ಮಣಿಕಟ್ಟು ಮುರಿದದ್ದನ್ನು ನಾನೂ ಕ್ಷಮಿಸಿಲ್ಲ. ಅವಳ ಚೀಲದ ಜೊತೆ ಈ ಕಾಗದವನ್ನೂ ಇಂದೇ ಆಳಿನ ಕೈಲಿ ಕಳಿಸುತ್ತಿದ್ದೇನೆ; ಅದಕ್ಕಿಂತ ತುಸು ಮೊದಲು ನಿಮ್ಮ ಮಗಳು ಮನೆ ತಲುಪಿರುತ್ತಾಳೆ. ಬೆಳಿಗ್ಗೆಯಿಂದ ಅವಳು ಏನೂ ತಿಂದಿರಲಾರಳು. ಮೊದಲು ಊಟಕ್ಕೆ ಕರೆಯಿರಿ.

ನಿಮ್ಮ ಮನೆ ತಣ್ಣಗಿರಲಿ.

ನಿಮ್ಮಿಂದ ಕೆಲಸ ಕಲಿತವಳು