ಮೊದಲ ತುತ್ತು

ನವೆಂಬರ್ 5, ಬೆಳಿಗ್ಗೆ 6.20

ಅಮ್ಮ ಆಗಲೇ ಎದ್ದು ಮಗುವಿನ ಬಟ್ಟೆ ಕೈಯಲ್ಲೇ ಒಗೆದು ಬಾಲ್ಕನಿಯಲ್ಲಿ ಹರವಿದ್ದಾಳೆ. ವಾಷಿಂಗ್ ಮಷೀನ್ ಇದೆಯಲ್ಲ ಅಂದರೆ, "ಅದಕ್ಕೆ ಮಗುವಿನ ಮೈ ಗೊತ್ತುಂಟಾ?"

ಗಲ್ಫಿನ ಈ ಅಜೈಬಾಕ್ಕೆ ಅಮ್ಮ ಬಂದು ಒಂಬತ್ತು ದಿನ. ಬಂದದ್ದು ನನ್ನ ಹೆಂಡತಿ ಆಶಿತಾಳ ಬಾಣಂತನಕ್ಕೆ. ಕಿವಿ ಮಾತ್ರ ಊರಿನಲ್ಲೇ ಇದೆ — ಬೆಳಗಾದರೆ ವಕೀಲರ ಫೋನು, ಕಾಲನಿಯವರ ಫೋನು. ಅಲ್ಲಿ ಇಡೀ ತಾಲೂಕಿಗೆ ಅಪ್ಪಿಯಕ್ಕ. ಇಲ್ಲಿ ಬರೀ ಮಗುವಿನ ಅಜ್ಜಿ. ಹಾಗೇ ಇರಲಿ ಅಂತ ನನ್ನ ಆಸೆ. ಆರು ವರ್ಷದಿಂದ ಇಲ್ಲಿ ಯಾರಿಗೂ ನಾವು ಕೊರಗರು ಅಂತ ಹೇಳಿಲ್ಲ. ಮಂಗಳೂರು ಕಡೆಯವರು ಅಂದರೆ ಸಾಕಾಗುತ್ತದೆ.

ನವೆಂಬರ್ 8, ಶುಕ್ರವಾರ

ಎದುರು ಫ್ಲ್ಯಾಟಿನ ಪದ್ಮಮ್ಮ ಮಗು ನೋಡಲು ಬಂದಿದ್ದರು. ಮೈಸೂರಿನವರು. ಡಬ್ಬಿ ತುಂಬ ಬಿಸಿಬೇಳೆಬಾತ್. ಅಮ್ಮ ಅದನ್ನು ತಟ್ಟೆಗೆ ಹಾಕಿ ಅವರ ಮುಂದೆಯೇ ಇಟ್ಟಳು.

"ಮೊದಲು ನೀವು ಒಂದು ತುತ್ತು ತಿನ್ನಿ."

ಪದ್ಮಮ್ಮನ ಮುಖ ಸಣ್ಣದಾಯಿತು. "ಯಾಕಮ್ಮಾ, ಹಳಸಿದೆ ಅಂದ್ಕೊಂಡ್ರಾ?"

ನಾನು ಬಾಯಿ ಹಾಕಿದೆ. ಇಲ್ಲ ಆಂಟಿ, ಅಮ್ಮನಿಗೆ ಶುಗರ್, ಡಾಕ್ಟರ್ ಡಯಟ್ ಹೇಳಿದ್ದಾರೆ... ಏನೇನೋ. ಡಬ್ಬಿ ವಾಪಸ್ ಹೋಯಿತು.

ಅಮ್ಮನ ನಿಯಮ ನನಗೆ ಗೊತ್ತಿಲ್ಲದ್ದೇನಲ್ಲ. ಏಳು ವರ್ಷದವಳಿದ್ದಾಗ ದೊಡ್ಡ ಮನೆಯೊಂದರ ಅಂಗಳದಲ್ಲಿ ಕೂರಿಸಿ ಅನ್ನ ಕೊಟ್ಟಿದ್ದರು. ಅದರಲ್ಲಿ ಆ ಮನೆಯ ರೋಗಿಯ ಕೂದಲು, ಉಗುರು. ರೋಗ ಕೊರಗರಿಗೆ ದಾಟಲಿ ಅಂತ. ಅಜಲು ಅನ್ನುತ್ತಾರೆ ಅದಕ್ಕೆ. ಕಾನೂನು ಅದನ್ನು ನಿಷೇಧಿಸಿ ಇಪ್ಪತ್ತು ವರ್ಷ ದಾಟಿತು. ಆ ಕಾನೂನಿಗಾಗಿ ಚಪ್ಪಲಿ ಸವೆಸಿದವರಲ್ಲಿ ಅಮ್ಮನೂ ಒಬ್ಬಳು. ಆದರೂ ಯಾರೇ ಅನ್ನ ಕೊಡಲಿ, ಮಂತ್ರಿಯೇ ಕೊಡಲಿ, ಮೊದಲ ತುತ್ತು ಕೊಟ್ಟವರು ತಿನ್ನಬೇಕು.

ಸಂಜೆ ಇಷ್ಟೇ ಹೇಳಿದಳು. "ನನ್ನ ಹೊಟ್ಟೆಯ ಸಂಕಟಕ್ಕೆ ನೀನು ಶುಗರ್ ಅಂತ ಹೆಸರಿಟ್ಟೆಯಲ್ಲ ಮಗಾ."

ನವೆಂಬರ್ 9

ಅಮ್ಮ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಮಾತೆಲ್ಲ ಮಗುವಿನ ಹತ್ತಿರ, ನನಗೆ ಕೇಳುವ ಹಾಗೆ. "ನಿನ್ನ ಅಪ್ಪ ಲ್ಯಾಬಿನಲ್ಲಿ ಊರವರ ರಕ್ತ ಎಲ್ಲ ನೋಡ್ತಾನಂತೆ ಪುಟ್ಟಾ. ತನ್ನದು ಯಾವುದೂಂತ ಹೇಳ್ಲಿಕ್ಕೆ ಮಾತ್ರ ನಾಚಿಕೆ."

ಆಶಿತಾ ನಗು ತಡೆದುಕೊಳ್ಳುತ್ತಿದ್ದಳು. ಅವಳೂ ಅಮ್ಮನ ಪಕ್ಷವೇ.

ನವೆಂಬರ್ 18

ವಕೀಲರ ಫೋನ್. 21ಕ್ಕೆ ವಿಚಾರಣೆ. ಮೇ ತಿಂಗಳಲ್ಲಿ ಊರಿನ ಒಂದು ಮದುವೆಮನೆಯಲ್ಲಿ ನಮ್ಮ ಕಾಲನಿಯ ಮಕ್ಕಳಿಗೆ ಎಂಜಲೆಲೆಯ ಅನ್ನ ಒಟ್ಟುಮಾಡಿ ಬಡಿಸಿದ್ದರು. ಕಣ್ಣಾರೆ ಕಂಡು ದೂರು ಕೊಟ್ಟವಳು ಅಮ್ಮ. ಇಲ್ಲಿಂದ ವಿಡಿಯೋದಲ್ಲೇ ಹೇಳಿಕೆ ಕೊಡಬಹುದಂತೆ. ತಪ್ಪಿದರೆ ಕೇಸು ಖಲಾಸ್.

ನಮ್ಮ ವೈಫೈ ಅರ್ಧ ಮಾತಿಗೇ ನಿಲ್ಲುತ್ತದೆ. ಒಳ್ಳೆಯ ಲೈನ್ ಇರುವುದು ಪದ್ಮಮ್ಮನ ಮನೆಯಲ್ಲಿ — ಯಜಮಾನರು ಗೋಪಾಲಕೃಷ್ಣ ಮನೆಯಿಂದಲೇ ಕೆಲಸ ಮಾಡುವವರು. ಕೇಳಬೇಕು. ಕೇಳಿದರೆ ಎಲ್ಲ ಹೇಳಬೇಕು...

ನವೆಂಬರ್ 20, ಸಂಜೆ 5

ಎರಡು ಸಲ ಅವರ ಬಾಗಿಲವರೆಗೆ ಹೋಗಿ ಹಿಂದೆ ಬಂದೆ. ಮೂರನೇ ಸಲ ಬೆಲ್ ಒತ್ತಿದೆ. "ಅಮ್ಮನಿಗೆ ಊರಿನದೊಂದು ಮೀಟಿಂಗ್ ಉಂಟು ಅಂಕಲ್" ಅಂದೆ. ಅಷ್ಟೇ ಅಂದೆ. ಹೇಡಿ.

ನವೆಂಬರ್ 21, ಮಧ್ಯಾಹ್ನ 2

ಈಗಲೇ ಬರೆದುಬಿಡುತ್ತೇನೆ.

ಊರಿನ ಹನ್ನೊಂದೂವರೆ, ಇಲ್ಲಿ ಹತ್ತು. ಅವರ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್. ಅಮ್ಮ ಇಸ್ತ್ರಿ ಸೀರೆ ಉಟ್ಟು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಹೆಸರು ಕೇಳಿದರು. "ಅಪ್ಪಿ ಕೊರಗ." ಗೋಪಾಲಕೃಷ್ಣರು ನನ್ನತ್ತ ನೋಡಿದರು. ನಾನು ನೆಲ ನೋಡಿದೆ.

ಆ ಕಡೆಯ ವಕೀಲರು ಕೇಳಿದರು, ಪ್ರೀತಿಯಿಂದ ಕೊಟ್ಟ ಅನ್ನದಲ್ಲಿ ತಪ್ಪೇನು ಅಂತ.

"ಪ್ರೀತಿ ಉಂಟಾದರೆ ಕೊಟ್ಟವರು ಮೊದಲು ಒಂದು ತುತ್ತು ತಿನ್ನಲಿ ಸ್ವಾಮಿ. ಆ ದಿನ ನಾನು ಕೇಳಿದ್ದೂ ಅಷ್ಟೇ. ಒಬ್ಬರೂ ತಿನ್ನಲಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ಪದ್ಮಮ್ಮ, ಕೈಯಲ್ಲಿ ಸೌಟು. ನನಗೆ ತಡೆಯಲಾಗಲಿಲ್ಲ. ವಿಡಿಯೋ ಮುಗಿದದ್ದೇ ಹೇಳಿಬಿಟ್ಟೆ — "ಆಂಟಿ, ಅಮ್ಮನಿಗೆ ಶುಗರ್ ಇಲ್ಲ."

ಅವರು ಒಳಗೆ ಹೋಗಿ ತಟ್ಟೆಯಲ್ಲಿ ಅನ್ನ, ಸಾರು ಬಡಿಸಿಕೊಂಡು ಬಂದು ಅಮ್ಮನ ಪಕ್ಕದಲ್ಲೇ ಕೂತರು. ಕಲಸಿದರು. ಒಂದು ತುತ್ತು ಬಾಯಿಗೆ ಹಾಕಿಕೊಂಡರು, ನಿಧಾನಕ್ಕೆ ನುಂಗಿದರು, ಆಮೇಲೆ ತಟ್ಟೆ ಅಮ್ಮನ ಕಡೆ ಸರಿಸಿದರು. ಅಮ್ಮ ಅದೇ ತಟ್ಟೆಯಲ್ಲಿ ಉಂಡಳು.

"ಅವತ್ತೇ ಹೇಳಬಾರದಿತ್ತಾ ಹರ್ಷಿತ್?" ಅಂದರು ಪದ್ಮಮ್ಮ, ನನ್ನ ಮುಖ ನೋಡದೆ.

"ಸಾರಿಗೆ ಉಪ್ಪು ಸ್ವಲ್ಪ ಕಮ್ಮಿ" ಅಂದಳು ಅಮ್ಮ. ಎರಡನೇ ಸಲ ಹಾಕಿಸಿಕೊಂಡಳು.

ಇಂಥ ಅಮ್ಮನನ್ನು ನಾನು ಬಚ್ಚಿಡಲು ಹೊರಟಿದ್ದೆ.

ನವೆಂಬರ್ 22, ಶುಕ್ರವಾರ

ತೀರ್ಪಿಗೆ ಇನ್ನೂ ಎರಡು ತಿಂಗಳಂತೆ. ಅಮ್ಮ ಬೆಳಿಗ್ಗೆಯಿಂದ ಅಕ್ಕಿ ತರಿಯ ಪುಂಡಿ ಬೇಯಿಸುತ್ತಿದ್ದಾಳೆ. ನನ್ನ ಲ್ಯಾಬಿನ ಡೀನಾ ಮಗು ನೋಡಲು ಬಂದಿದ್ದಾಳೆ. ಉಡುಪಿ ಹುಡುಗಿ. ಕೆಲಸಕ್ಕೆ ಸೇರಿದ ದಿನವೇ "ನೀವು ಯಾರ ಪೈಕಿ?" ಅಂತ ಕೇಳಿದ್ದಳು. ಜಾತಿ ಹೇಳದೆ ಮಾತು ತೇಲಿಸಿದ್ದೆ.

ಹಾಲ್‌ನಿಂದ ಅಮ್ಮನ ಸ್ವರ. "ಹರ್ಷಿತ್, ಬಾ ಇಲ್ಲಿ. ಕೊಡುವ ಮನೆಯವನು ನೀನಲ್ವಾ, ಮೊದಲ ತುತ್ತು ನೀನು ತಿನ್ನು. ಯಾಕೇಂತ ಈ ಹುಡುಗಿ ಕೇಳ್ತಾ ಇದ್ದಾಳೆ. ನೀನೇ ಹೇಳು."

ಹೋಗಬೇಕು. ಹೇಳುವುದು ಇಷ್ಟೇ. ಡೀನಾ, ನಾವು ಕೊರಗರು.