ತಲೆಕೆಳಗಾಗಿ ತೂಗಿದ ಬೂದಿಬಣ್ಣದ ಬಟ್ಟೆ

ಇಸವಿ ೨೪೧೬, ಬೇಸಿಗೆಯ ಆರನೆಯ ತಿಂಗಳು
ಗದಗಿನ ನೆರಳುಮನೆಯಿಂದ

ಹೆಸರು ತಿಳಿಯದ, ಚಿತ್ರ ಬರೆದ ಅಕ್ಕನಿಗೆ ಬಸವಂತಿಯ ನಮಸ್ಕಾರಗಳು.

ನೀವು ಅಕ್ಕನೋ ಅಣ್ಣನೋ, ಅದೂ ನನಗೆ ತಿಳಿಯದು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು. ಅದರ ಮೇಲೆ, ಹಿಂದಿನ ಕಾಲಕ್ಕೆ ಹೋಗುವ ಅಂಚೆಯೆಂದರೆ ನೂರಾರು ವರ್ಷ ಹಿಂದಿನ ನಿಮ್ಮ ಕನ್ನಡದಲ್ಲೇ ಬರೆಯಬೇಕು. ಒಂದು ಸಾಲು ಬರೆದು, ಸರಿಯಾಯಿತೋ ಇಲ್ಲವೋ ಎಂದು ಮತ್ತೆ ಓದುತ್ತೇನೆ. ಮಾತು ವಿಚಿತ್ರ ಅನಿಸಿದರೆ ಮನ್ನಿಸಿ.

ನಿಮ್ಮ ಚಿತ್ರ ನಮ್ಮ ನೆರಳುಮನೆಯಲ್ಲಿದೆ. ನೆರಳುಮನೆ ಎಂದರೆ ಬಿಸಿಲೇರಿದೊಡನೆ ಊರವರೆಲ್ಲ ಇಳಿದು ಕೂರುವ ನೆಲದಡಿಯ ಪಡಸಾಲೆ. ಹೆಂಗಸರು ಕಾಯಿಪಲ್ಲೆ ಸೋಸುತ್ತಾರೆ, ಗಂಡಸರು ಗಾಳಿಯಂತ್ರದ ರೆಕ್ಕೆಗಳಿಗೆ ತೇಪೆ ಹಾಕುತ್ತಾರೆ, ಮಕ್ಕಳು ತಂಪು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗುತ್ತಾರೆ. ಗೋಡೆಯ ಮೇಲೆ ನೀವು ಚಿತ್ರ ಬರೆದ ಬಟ್ಟೆ. ಮನುಷ್ಯರಿಲ್ಲ, ಗಿಡವಿಲ್ಲ, ತುಂಬ ಬೂದಿಬಣ್ಣ, ಕೆಳಗಿನ ಮೂಲೆಯಲ್ಲೊಂದು ಹಳದಿ. ಅದರ ಮುಂದೆ ಕೂತವರನ್ನು ಏನಾಯಿತೆಂದು ಯಾರೂ ಕೇಳಬಾರದು. ಅದು ನಮ್ಮೂರ ಕಟ್ಟಳೆ.

ಹೋದ ವರ್ಷ ನನ್ನ ಮಗಳು ಚಂಪವ್ವನ ಕೂಸು ಹೆರಿಗೆಯಲ್ಲಿ ಉಳಿಯಲಿಲ್ಲ. ಅಂದಿನಿಂದ ಆಕೆ ಮಾತು ಬಿಟ್ಟಳು. ನನಗೋ ಕೇಳದೆ ಇರಲು ಬರುವುದಿಲ್ಲ. ಉಂಡೆಯಾ, ನಿದ್ದೆ ಬಂತಾ, ತಲೆ ನೋಯುತ್ತದಾ ಎಂದು ಬೆನ್ನು ಹತ್ತಿದೆ. ಕೇಳಿದಷ್ಟೂ ಆಕೆ ದೂರ ಸರಿದಳು. ಕಡೆಗೆ ದಿನವೂ ನಿಮ್ಮ ಚಿತ್ರದ ಮುಂದೆ ಹೋಗಿ ಕೂರತೊಡಗಿದಳು. ನಾನೂ ಪಕ್ಕದಲ್ಲಿ ಕೂತೆ, ಸೆರಗು ಬಾಯಿಗೆ ಒತ್ತಿಕೊಂಡು.

ಒಂದು ದಿನ ಮನೆಗೆ ಬಂದವಳೇ ಒಲೆಯ ಬೂದಿ ಕಲಸಿ ಅಡುಗೆಮನೆಯ ಗೋಡೆಗೆಲ್ಲ ಬಳಿದಳು. ಬಂದವರು ಏನೆಂದಾರು ಎಂದು ಒದ್ದೆ ಬಟ್ಟೆ ತಂದೆ. ನಮ್ಮ ಯಜಮಾನರು ಕೈ ಹಿಡಿದರು.

“ಒರಸಬ್ಯಾಡ. ಆಕಿ ಮಾತಾಡಾಕತ್ತಾಳ.”

ನಾನೂ ಉತ್ತರ ಕೊಡಬೇಕಲ್ಲ? ನಿಮ್ಮ ಹಳದಿ ನೆನಪಾಯಿತು. ಅರಿಶಿಣ ಕಲಸಿ ಮೂಲೆಯಲ್ಲಿ ಒಂದು ಕೈ ಹಚ್ಚಿದೆ. ಬೆಳಗ್ಗೆ ನೋಡಿದರೆ ಆ ಅರಿಶಿಣವನ್ನು ಯಾರೋ ಬೆರಳಿನಿಂದ ಬೂದಿಯೊಳಕ್ಕೆ ಎಳೆದಿದ್ದರು. ನಾನು ಇನ್ನಷ್ಟು ಹಚ್ಚಿದೆ. ಆಕೆ ಇನ್ನಷ್ಟು ಎಳೆದಳು. ಹೀಗೇ ನಡೆಯಿತು, ಒಂದು ಸಂಜೆ ಬೆನ್ನ ಹಿಂದಿನಿಂದ ದನಿ ಬರುವ ತನಕ.

“ಯವ್ವಾ, ಅರಿಷಿಣಾ ಎಲ್ಲಾ ಗ್ವಾಡಿಗೇ ಹಚ್ಚಿದ್ರ ಸಾರಿಗೆ ಏನ ಹಾಕ್ತಿ?”

ಅಕ್ಕ, ನಿಮಗೆ ಹೇಗೆ ಋಣ ತೀರಿಸಲಿ?

ಈಗ ಹೊಸ ಚಿಂತೆ ಹತ್ತಿದೆ. ನೆರಳುಮನೆ ನೋಡಿಕೊಳ್ಳುವ ದ್ಯಾಮಣ್ಣ ದೀಪ ಹಿಡಿದು ನೋಡಿದರೆ, ಬಣ್ಣ ಸೋರಿದ ಗೆರೆಗಳೆಲ್ಲ ಮೇಲಕ್ಕೆ ಹೋಗಿವೆಯಂತೆ. ಇಷ್ಟು ತಲೆಮಾರು ನಾವು ಅದನ್ನು ತಲೆಕೆಳಗಾಗಿ ತೂಗುಹಾಕಿದ್ದೇವೆ. ತಿರುಗಿಸಿ ಸರಿಮಾಡೋಣ ಎನ್ನುತ್ತಾನೆ. ಆಗ ಹಳದಿ ಮಾಡಿನ ಕತ್ತಲೆಗೆ ಹೋಗುತ್ತದೆ, ನೆಲದಲ್ಲಿ ಕೂತವರಿಗೆ ಬರೀ ಬೂದಿ. ನಾನು ಸಭೆಯಲ್ಲಿ ಎದ್ದು ಬೇಡ ಅಂದೆ. ಬರೆದವರನ್ನು ಕೇಳದೆ ಹೇಗೆ ಎಂದರು ಸಭೆಯವರು. ಅದಕ್ಕೇ ಈ ಪತ್ರ.

ಇದರಲ್ಲಿ ಏನಿದೆ ಎಂದು ನಿಮ್ಮ ಕಾಲದವರು ಕೇಳುತ್ತಿರಬಹುದು. ಬೇಸತ್ತು ಅದರ ಮೇಲೆ ಸುಣ್ಣ ಬಳಿಯಬೇಡಿ. ನಿಮ್ಮ ಉತ್ತರ ನಮಗೆ ಸಿಗುವ ಜಾಗ ಬಟ್ಟೆಯ ಹಿಂಬದಿ ಒಂದೇ; ಅದನ್ನು ನಮ್ಮಲ್ಲಿ ಯಾರೂ ನೋಡಿಲ್ಲ. ನಾಳೆ ದ್ಯಾಮಣ್ಣ ಇಳಿಸಿ ನೋಡುತ್ತಾನೆ. ಹಳದಿ ಕೆಳಗೇ ಇರಲಿ ಎಂದು ನಿಮಗೂ ಅನಿಸಿದರೆ, ದಯವಿಟ್ಟು ಅಲ್ಲಿ ಏನೂ ಬರೆಯಬೇಡಿ. ಖಾಲಿ ಇದ್ದರೆ ನಮಗೆ ತಿಳಿಯುತ್ತದೆ.